ದಸರೆಯಿಂದ ಪರಿಷೆವರೆಗೆ: ಹಬ್ಬದ ಕಾಲದ ತಿರುಗಾಟ, ನಿಮ್ಮ ಪ್ರಶ್ನೆಗಳಿಗೆ ಉತ್ತರ

ಹಸ್ತ ಮಳೆ ಹಿಂದೆ ಸರಿದು ಚಿತ್ತಾ ಮಳೆ ಕಾಲಿಡುವ ಹೊತ್ತಿಗೆ ಶಾಲೆಗಳಿಗೆ ದಸರಾ ರಜೆ ಬರುತ್ತದೆ, ಮನೆಮನೆಯಲ್ಲೂ 'ಎಲ್ಲಿಗಾದರೂ ಹೋಗೋಣ' ಎಂಬ ಮಾತು ಶುರುವಾಗುತ್ತದೆ. ಆಶ್ವಯುಜ, ಕಾರ್ತಿಕ ಎರಡೂ ಊರೂರಿಗೆ ಹಬ್ಬ ಹಂಚುವ ಮಾಸಗಳು. ಈ ಬಾರಿಯ ಪತ್ರಗಳಲ್ಲಿ ಹೆಚ್ಚಿನವರು ಕೇಳಿರುವುದು ಯಾವ ಹಬ್ಬದ ಮುಖ್ಯ ದಿನ ಯಾವುದು, ಆ ದಿನ ಜಾಗ ಸಿಗುತ್ತದೆಯೇ ಎಂದು. ನನಗಂತೂ ಮುಖ್ಯ ದಿನಕ್ಕಿಂತ ಹಿಂದುಮುಂದಿನ ದಿನಗಳ ಮೇಲೆ ಪ್ರೀತಿ ಜಾಸ್ತಿ. ಊರಿನ ಜನ ಹಬ್ಬಕ್ಕೆ ಸಜ್ಜಾಗುವುದನ್ನು ಹತ್ತಿರದಿಂದ ಕಾಣುವುದು ಆಗಲೇ. ಕೆಳಗಿನ ಉತ್ತರಗಳನ್ನು ಬರೆದಿರುವುದೂ ಅದೇ ನಂಬಿಕೆಯಿಂದ.

ನಮ್ಮ ಮಾವನವರಿಗೆ 78 ವರ್ಷ, ಮಂಡಿ ನೋವು. ಜೀವನದಲ್ಲಿ ಒಂದು ಸಲ ಜಂಬೂಸವಾರಿ ನೋಡಬೇಕು ಅಂತ ಪ್ರತಿ ವರ್ಷ ಹೇಳುತ್ತಾರೆ. ಏಳು ಮತ್ತು ಹತ್ತು ವರ್ಷದ ಮಕ್ಕಳೂ ಇದ್ದಾರೆ. ಹೇಗೆ ಕರೆದುಕೊಂಡು ಹೋಗುವುದು? ಪಾಸ್ ಸಿಗುತ್ತದೆಯೇ?
— ಗೃಹಿಣಿ, ದಾವಣಗೆರೆ

ಖಂಡಿತ ಕರೆದುಕೊಂಡು ಹೋಗಿ. ಆದರೆ ವಿಜಯದಶಮಿಯ ದಿನ ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತಿನ ಮೇಲೆ ಅವರನ್ನು ಕೂರಿಸಬೇಡಿ. ಮೆರವಣಿಗೆ ಹೊರಡುವುದು ಮಧ್ಯಾಹ್ನದ ಮೇಲೆ, ಜನ ಜಾಗ ಹಿಡಿದು ಕೂರುವುದು ಬೆಳಗ್ಗೆಯಿಂದ. ಮೊದಲು ಸ್ತಬ್ಧಚಿತ್ರಗಳು, ಕಲಾತಂಡಗಳು ಸಾಗಿ ಕೊನೆಗೆ ಅಂಬಾರಿ ಬರುವಷ್ಟರಲ್ಲಿ ಬಿಸಿಲಲ್ಲಿ ಗಂಟೆಗಟ್ಟಲೆ ಕಳೆದಿರುತ್ತದೆ. ಒಮ್ಮೆ ಕೂತರೆ ಶೌಚಾಲಯಕ್ಕೆಂದು ಎದ್ದು ಬರುವುದೂ ಕಷ್ಟ. ಮಂಡಿ ನೋವಿನ ಹಿರಿಯರಿಗೆ ಅದು ಶಿಕ್ಷೆ.

ಅರಮನೆ ಆವರಣದೊಳಗೆ ಕುರ್ಚಿಯಲ್ಲಿ ಕೂತು ನೋಡಬೇಕೆಂದರೆ ಜಿಲ್ಲಾಡಳಿತ ಆನ್‌ಲೈನಿನಲ್ಲಿ ಮಾರುವ ಟಿಕೆಟ್ ಇಲ್ಲವೇ ಗೋಲ್ಡ್ ಕಾರ್ಡ್ ಬೇಕು. ಮಾರಾಟ ಶುರುವಾದ ದಿನವೇ ಕೊಂಡುಕೊಳ್ಳಿ. 'ಪಾಸ್ ಕೊಡಿಸುತ್ತೇನೆ' ಎನ್ನುವವರ ಕೈಗೆ ದುಡ್ಡು ಕೊಡಬೇಡಿ.

ಟಿಕೆಟ್ ಸಿಗದಿದ್ದರೆ ಬೇಸರ ಬೇಡ, ನಾನು ಹೆಚ್ಚು ಮನಸ್ಸಿಟ್ಟು ಹೇಳುವ ದಾರಿ ಬೇರೆಯೇ ಇದೆ. ದಸರೆಗೆ ಎಷ್ಟೋ ವಾರ ಮುಂಚೆ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುತ್ತದೆ. ಆನೆಗಳು ಅರಮನೆ ಆವರಣಕ್ಕೆ ಬಂದು ಬಿಡಾರ ಹೂಡಿದ ಮೇಲೆ ತಾಲೀಮು. ಅರಮನೆಯಿಂದ ಬನ್ನಿಮಂಟಪದವರೆಗೆ ಹತ್ತಿರಹತ್ತಿರ ಐದು ಕಿಲೋಮೀಟರ್, ಮೆರವಣಿಗೆ ಸಾಗುವ ಹಾದಿಯಲ್ಲೇ ಅವನ್ನು ನಡೆಸುತ್ತಾರೆ. ಮೊದಲು ಬರಿಮೈಯಲ್ಲಿ, ಆಮೇಲೆ ಬೆನ್ನ ಮೇಲೆ ಮರಳಿನ ಮೂಟೆ ಹೊರಿಸಿ, ಕೊನೆಯ ದಿನಗಳಲ್ಲಿ ಮರದ ಅಂಬಾರಿ ಕಟ್ಟಿ. ಚಿನ್ನದ ಅಂಬಾರಿಯ ತೂಕ 750 ಕಿಲೋ. ಅಷ್ಟು ಭಾರ ಹೊತ್ತು ಜನಸಾಗರದ ನಡುವೆ ಹೆಜ್ಜೆ ತಪ್ಪದೆ ನಡೆಯುವುದು ಒಂದೇ ದಿನಕ್ಕೆ ಬರುವ ವಿದ್ಯೆಯಲ್ಲ.

ಬೆಳಗಿನ ತಾಲೀಮಿನ ಹೊತ್ತಿಗೆ ರಸ್ತೆ ಬದಿಯಲ್ಲಿ ಒಂದು ಮಡಚುವ ಕುರ್ಚಿ ಹಾಕಿ ಮಾವನವರನ್ನು ಕೂರಿಸಿ. ಮಾವುತನ ಕಾಲಬೆರಳು ಆನೆಯ ಕಿವಿಯ ಹಿಂದೆ ಒತ್ತುವುದು, ಕಾವಾಡಿ ಪಕ್ಕದಲ್ಲೇ ನಡೆಯುವುದು, ದೊಡ್ಡಾನೆಯ ಎಡಬಲಕ್ಕೆ ಕುಮ್ಕಿ ಹೆಣ್ಣಾನೆಗಳು ಹೊಂದಿಕೊಂಡು ಸಾಗುವುದು, ಇದೆಲ್ಲ ಕೆಲವೇ ಅಡಿ ದೂರದಲ್ಲಿ ಕಾಣುತ್ತದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದಸರಾ ಇಲ್ಲ. ಪಟಾಕಿ, ಪೀಪಿ ಒಯ್ಯಬೇಡಿ, ಹತ್ತಿರ ಹೋಗಿ ಸೆಲ್ಫಿ ತೆಗೆಯುವ ಆಸೆಯನ್ನೂ ಬಿಡಿ.

ನವರಾತ್ರಿಯ ಯಾವುದಾದರೂ ಸಂಜೆ ಅರಮನೆ ಮುಂದೆ ಸಂಗೀತ ಕಛೇರಿ ಇರುತ್ತದೆ, ದೀಪಾಲಂಕಾರವೂ ಇರುತ್ತದೆ. ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ ದಸರೆ ಮುಗಿದ ಮೇಲೂ ಬಹಳ ದಿನ ನಡೆಯುತ್ತದೆ, ಅದಕ್ಕೆ ಅವಸರ ಬೇಡ. ಇನ್ನೊಂದು ಮಾತು. ರಾಜ ಒಡೆಯರು 1610ರಲ್ಲಿ ದಸರೆ ಆರಂಭಿಸಿದ್ದು ಶ್ರೀರಂಗಪಟ್ಟಣದಲ್ಲಿ. ಅಲ್ಲಿ ಈಗಲೂ ಕಿರಂಗೂರಿನ ಬನ್ನಿಮಂಟಪದಿಂದ ಪುಟ್ಟ ಜಂಬೂಸವಾರಿ ಹೊರಡುತ್ತದೆ. ಮೈಸೂರಿನ ಜನಜಂಗುಳಿ ಅಲ್ಲಿಲ್ಲ. ವಿಜಯದಶಮಿಗೆ ಮುಂಚೆಯೇ ನಡೆಯುವುದರಿಂದ ಮಂಡ್ಯ ಜಿಲ್ಲಾಡಳಿತ ದಿನಾಂಕ ಪ್ರಕಟಿಸುವುದನ್ನು ನೋಡಿಕೊಂಡು ಹೊರಡಿ. ವಿಜಯದಶಮಿಯ ಮಧ್ಯಾಹ್ನ ದಾವಣಗೆರೆಯ ಮನೆಯಲ್ಲಿ ಊಟ ಮುಗಿಸಿ ಚಂದನ ವಾಹಿನಿ ಹಾಕಿದರೆ, ತಾವು ಕಣ್ಣಾರೆ ಕಂಡ ಆನೆಯನ್ನೇ ಗುರುತು ಹಿಡಿದು ಮಾವನವರು ಮೊಮ್ಮಕ್ಕಳಿಗೆ ತೋರಿಸಬಹುದು.

ಮಡಿಕೇರಿ ದಸರಾ ಮತ್ತು ತಲಕಾವೇರಿ ತೀರ್ಥೋದ್ಭವ ಎರಡನ್ನೂ ಒಂದೇ ಪ್ರವಾಸದಲ್ಲಿ ಮುಗಿಸಬಹುದೇ? ಮಗಳಿಗೆ ಐದು ವರ್ಷ.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ವರ್ಷದ ಪಂಚಾಂಗ ನೋಡಿ ಹೇಳಬೇಕಾದ ಮಾತಿದು. ದಸರೆ ಚಾಂದ್ರಮಾನದ ಹಬ್ಬ, ತೀರ್ಥೋದ್ಭವ ತುಲಾ ಸಂಕ್ರಮಣದ್ದು, ಅಂದರೆ ಸೌರಮಾನದ್ದು. ಸಂಕ್ರಮಣ ಅಕ್ಟೋಬರ್ 17ರ ಆಸುಪಾಸು ಬಿಟ್ಟು ಕದಲುವುದಿಲ್ಲ. ವಿಜಯದಶಮಿ ಮಾತ್ರ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂದಿತ್ತು, 2025ರಲ್ಲಿ ಅಕ್ಟೋಬರ್ 2ಕ್ಕೇ ಬಂತು. ಹತ್ತಿರ ಬಂದ ವರ್ಷ ಎರಡನ್ನೂ ನೋಡಬಹುದು. ದೂರವಾದ ವರ್ಷ ಒಂದನ್ನು ಆರಿಸಿಕೊಳ್ಳಿ.

ಐದು ವರ್ಷದ ಮಗುವಿಗೆ ಮಡಿಕೇರಿಯ ವಿಜಯದಶಮಿ ರಾತ್ರಿ ಭಾರವಾಗುತ್ತದೆ. ಹತ್ತು ದೇವಸ್ಥಾನಗಳ ದಶಮಂಟಪಗಳು ಹೊರಡುವುದೇ ರಾತ್ರಿ, ಮೆರವಣಿಗೆ ಬೆಳಗಿನವರೆಗೆ. ಧ್ವನಿವರ್ಧಕದ ಅಬ್ಬರ, ಹೊಗೆ, ಬೆಳಕು, ಅಸುರನ ಸಂಹಾರ, ನಡುನಡುವೆ ಮಳೆ. ಹೋಗಲೇಬೇಕೆಂದರೆ ಮಧ್ಯಾಹ್ನ ಮಗುವನ್ನು ಚೆನ್ನಾಗಿ ಮಲಗಿಸಿ, ಕಿವಿಗೆ ಹತ್ತಿ ಇಡಿ, ಉಳಿದುಕೊಂಡ ಜಾಗದಿಂದ ನಡೆದು ಹೋಗುವಷ್ಟು ದೂರದಲ್ಲಿ ನಿಂತು ನೋಡಿ. ಅದಕ್ಕಿಂತ ಚೆಂದ ನವರಾತ್ರಿಯ ಮೊದಲ ದಿನ. ಪಂಪಿನಕೆರೆಯಲ್ಲಿ ನಾಲ್ಕು ಶಕ್ತಿದೇವತೆಗಳ ಕರಗಗಳಿಗೆ ಪೂಜೆಯಾಗಿ ಊರಿನೊಳಕ್ಕೆ ಹೊರಡುತ್ತವೆ. ಮಡಿಕೇರಿ ದಸರೆಯ ಬೇರು ಇರುವುದು ಈ ಕರಗಗಳಲ್ಲಿ, ಮಂಟಪಗಳು ಆಮೇಲೆ ಬಂದವು. ಬಾಗಿಲ ಮುಂದೆ ರಂಗೋಲಿ ಹಾಕಿ, ಆರತಿ ತಟ್ಟೆ ಹಿಡಿದು ಕಾಯುವ ಮನೆಯವರನ್ನು ನಿಮ್ಮ ಮಗಳು ಹಗಲುಬೆಳಕಲ್ಲೇ ನೋಡುತ್ತಾಳೆ.

ತಲಕಾವೇರಿಯಲ್ಲಿ ಉದ್ಭವದ ಗಳಿಗೆಯನ್ನು ಜ್ಯೋತಿಷಿಗಳು ಗುಣಿಸಿ ಮೊದಲೇ ಪ್ರಕಟಿಸುತ್ತಾರೆ. ಕೆಲವು ವರ್ಷ ಅದು ನಡುರಾತ್ರಿ ಬೀಳುತ್ತದೆ. ಸಮುದ್ರಮಟ್ಟದಿಂದ 1,276 ಮೀಟರ್ ಎತ್ತರ, ಮಂಜು, ಚಳಿ, ಕುಂಡಿಕೆಯ ಸುತ್ತ ನೂಕುನುಗ್ಗಲು. ಪುಟ್ಟ ಮಗುವಿದ್ದವರು ಆ ಗಳಿಗೆಗೆ ಹೋಗುವುದು ಬೇಡ, ಎರಡು ದಿನ ಬಿಟ್ಟು ಹೋಗಿ. ಕಾವೇರಿ, ಕನ್ನಿಕೆ, ಸುಜ್ಯೋತಿ ಕೂಡುವ ಭಾಗಮಂಡಲದ ಸಂಗಮದಲ್ಲಿ ಕಾಲು ತೊಳೆದು ಎಂಟು ಕಿಲೋಮೀಟರ್ ಮೇಲೇರಿದರೆ ತಲಕಾವೇರಿ. ತುಲಾ ಮಾಸ ಪೂರ್ತಿ ಭಕ್ತರು ಬರುತ್ತಲೇ ಇರುತ್ತಾರೆ.

ಕೊಡವ ಸ್ನೇಹಿತರಿದ್ದರೆ ಅವರ ಮನೆಯ ಕಣಿ ಪೂಜೆಗೆ ಕರೆ ಬಂದೀತು, ತಪ್ಪಿಸಿಕೊಳ್ಳಬೇಡಿ. ಒಂದು ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ವಸ್ತ್ರ ಉಡಿಸಿ, ಮನೆಯ ಒಡವೆ ತೊಡಿಸಿ, ಅಕ್ಕಿ ತುಂಬಿದ ತಟ್ಟೆಯಲ್ಲಿ ಕೂರಿಸಿ ಕಾವೇರಮ್ಮ ಎಂದು ಪೂಜಿಸುತ್ತಾರೆ. ಮಕ್ಕಳೂ ಸರದಿಯಂತೆ ಅಕ್ಷತೆ ಹಾಕಿ ಹಿರಿಯರ ಕಾಲಿಗೆರಗುತ್ತಾರೆ. ಒಂದು ನದಿಯನ್ನು ಮನೆಮಗಳಂತೆ ಸಿಂಗರಿಸುವ ಈ ಪೂಜೆ ನನಗೆ ಇಡೀ ಋತುವಿನಲ್ಲೇ ಬಹಳ ಇಷ್ಟವಾದದ್ದು.

ನಾವು ಮೂಲ ಗದಗ ಕಡೆಯವರು, ಈಗ ಪುಣೆಯಾಗ ಅದೇವಿ. ಕಾಕಾ ಅವರು 'ಈ ಸಲ ಶೀಗಿ ಹುಣ್ಣಿಮಿಗೆ ಬರ್ರಿ, ಮಕ್ಕಳಿಗೆ ಹೊಲ ತೋರಸ್ರಿ' ಅಂದಾರ. ಇಷ್ಟು ವರ್ಷ ಹೋಗಿಲ್ಲ, ಬರಿಗೈಲೆ ಹೋಗಾಕ ಸಂಕೋಚ. ಏನು ಒಯ್ಯಬೇಕು? ಮಕ್ಕಳಿಗೆ ಏನಂತ ಹೇಳಬೇಕು?
— ಪುಣೆ ಕನ್ನಡಿಗ

ಕಾಕಾ ಕರೆದ ಮೇಲೆ ಸಂಕೋಚ ಯಾಕೆ? ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ನಿಮ್ಮದು.

ಆಶ್ವಯುಜ ಹುಣ್ಣಿಮೆಯ ಹೊತ್ತಿಗೆ ಬೆಳೆ ತುಂಬಿ ನಿಂತಿರುತ್ತದೆ. ರೈತರ ಕಣ್ಣಿಗೆ ಭೂಮಿತಾಯಿ ಆಗ ತುಂಬು ಬಸುರಿ. ಬಸುರಿಯ ಬಯಕೆ ತೀರಿಸುವುದು ಮನೆಯವರ ಕರ್ತವ್ಯವಲ್ಲವೇ? ಹಾಗಾಗಿ ಹೊಲಕ್ಕೆ ಊಟ ಹೋಗುತ್ತದೆ. ನಿಮ್ಮ ಕಡೆ ಬಂಡಿ ಹೂಡಿಕೊಂಡು ಮನೆಮಂದಿಯೆಲ್ಲ ಹೊರಡುತ್ತಾರೆ, ಈಗ ಎಷ್ಟೋ ಕಡೆ ಟ್ರ್ಯಾಕ್ಟರ್. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿ, ಮಾಡಿ ತಂದ ಅಡುಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಒಬ್ಬರು ಚರಗ ಎರಚುತ್ತ ಮುಂದೆ ನಡೆದರೆ ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ ಬರುತ್ತಾರೆ. ಆಮೇಲೆ ನೆರಳಿನಲ್ಲಿ ಕೂತು ಊಟ: ಕಡುಬು, ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಬುತ್ತಿಯ ಮೊಸರನ್ನ. ಬದುವಿನ ಮೇಲೆ ಕೂತು ಉಂಡ ಆ ಊಟದ ರುಚಿ ಮಕ್ಕಳ ನಾಲಗೆಯಿಂದ ಹೋಗುವುದಿಲ್ಲ.

ಮಲೆನಾಡಿನಲ್ಲಿ ಇದೇ ಹಬ್ಬ ಭೂಮಿ ಹುಣ್ಣಿಮೆ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರ ಮನೆಯ ಹೆಂಗಸರು ಬಿದಿರು ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಒಣಗಿಸಿ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ ಚಿತ್ತಾರ ಬರೆಯುತ್ತಾರೆ. ನೂಲಿನಷ್ಟು ತೆಳು ಗೆರೆ, ಒಂದಕ್ಕೊಂದು ಅಂಟದಂತೆ. ಅದೇ ಭೂಮಣ್ಣಿ ಬುಟ್ಟಿ. ರಾತ್ರಿಯಿಡೀ ಅಡುಗೆ ಮಾಡಿ, ಬಗೆಬಗೆಯ ಬೆರಕೆ ಸೊಪ್ಪು ಬೇಯಿಸಿ, ಬೆಳಕು ಹರಿಯುವ ಮುಂಚೆ ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತಾರೆ. ಗದಗಿನ ಎರಿ ಹೊಲವಿರಲಿ, ಸಾಗರದ ಗದ್ದೆಯಿರಲಿ, ಭಾವ ಒಂದೇ ಎಂದು ಮಕ್ಕಳಿಗೆ ಹೇಳಿ.

ಇನ್ನು ಒಯ್ಯುವ ಮಾತು. ಪುಣೆಯಿಂದ ಸ್ವೀಟ್ ಡಬ್ಬ ಒಯ್ದರೆ ತಪ್ಪಿಲ್ಲ, ಆದರೆ ಕಾಕೂ ಅವರಿಗೆ ನಿಜವಾಗಿ ಬೇಕಿರುವುದು ಹಿಂದಿನ ದಿನದ ಕೈಗಳು. ಹುಣ್ಣಿಮೆಯ ಮುನ್ನಾದಿನವೇ ಹೋಗಿ ಹೋಳಿಗೆ ಲಟ್ಟಿಸಲು ಕೂಡಿರಿ. ಗಂಡಸರೂ ಕೂಡಬಹುದು. ಮಕ್ಕಳಿಗೆ ಹಳೆಯ ಬಟ್ಟೆ, ಕಾಲಿಗೆ ಗಟ್ಟಿ ಚಪ್ಪಲಿ ಇರಲಿ. ಮಳೆಯಾಗಿದ್ದರೆ ಎರಿ ಮಣ್ಣು ಹಿಡಿದು ಹೆಜ್ಜೆ ಎತ್ತುವುದೇ ಕಷ್ಟ, ಅವಕ್ಕೆ ಅದೂ ಆಟವೇ. ಹತ್ತಿ, ಮೆಣಸಿನಕಾಯಿ ಗಿಡಕ್ಕೆ ಔಷಧ ಹೊಡೆದಿದ್ದಾರೆಯೇ ಎಂದು ಕಾಕಾ ಅವರನ್ನು ಮೊದಲೇ ಕೇಳಿ, ಮಕ್ಕಳು ಕಂಡದ್ದನ್ನೆಲ್ಲ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಪ್ಲಾಸ್ಟಿಕ್ ತಟ್ಟೆ ಹೊಲಕ್ಕೆ ಬೇಡವೇ ಬೇಡ, ಬಾಳೆ ಎಲೆಯೋ ಮುತ್ತುಗದ ಪತ್ರಾವಳಿಯೋ ಸಾಕು.

ದಸರೆಗೇ ಹೋಗಿ ಹುಣ್ಣಿಮೆವರೆಗೆ ಉಳಿಯುವಷ್ಟು ರಜೆ ಇದ್ದರೆ ಬನ್ನಿ ಕೊಡುವ ಸಂಜೆಯೂ ಸಿಗುತ್ತದೆ. ವರ್ಷಗಟ್ಟಲೆ ಮಾತು ಬಿಟ್ಟವರೂ ಅಂದು ಎದುರಾದರೆ 'ಬಂಗಾರ ತಗೊಂಡು ಬಂಗಾರದಂಗ ಇರೂಣು' ಎಂದು ಬನ್ನಿ ಎಲೆ ಕೈಗಿಡಬೇಕು. ಇಷ್ಟು ವರ್ಷ ಹೋಗದೆ ಉಳಿದ ನಿಮಗೆ ಊರಿನ ಮನೆಮನೆಗೆ ಕಾಲಿಡಲು ಅದಕ್ಕಿಂತ ಒಳ್ಳೆಯ ನೆಪ ಸಿಗಲಾರದು.

ಹಾಸನಾಂಬೆಯ ದರ್ಶನಕ್ಕೆ ಯಾವಾಗ ಹೋದರೆ ಜನ ಕಡಿಮೆ?
— ನಿವೃತ್ತ ಶಿಕ್ಷಕಿ, ತುಮಕೂರು

ವರ್ಷಕ್ಕೊಮ್ಮೆ, ಅದೂ ಕೆಲವೇ ದಿನ ಬಾಗಿಲು ತೆರೆಯುವ ದೇವಿ. ಜನ ಕಡಿಮೆ ಇರುವ ದಿನ ಎಂಬುದಿಲ್ಲ, ಹೆಚ್ಚು ಇರುವ ದಿನ ತಪ್ಪಿಸಿಕೊಳ್ಳಬಹುದು ಅಷ್ಟೇ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆರೆದು ಬಲಿಪಾಡ್ಯಮಿಯ ನಂತರ ಮುಚ್ಚುತ್ತಾರೆ. ಶನಿವಾರ, ಭಾನುವಾರ, ದೀಪಾವಳಿಯ ರಜಾದಿನಗಳು ಬೇಡ. ಮೊದಲ ವಾರದ ನಡುವೆ, ಸೋಮವಾರ ಅಥವಾ ಮಂಗಳವಾರ ನಸುಕಿನಲ್ಲೇ ಸಾಲಿಗೆ ನಿಲ್ಲಿ. ಬಿಪಿ, ಸಕ್ಕರೆ ಮಾತ್ರೆ ಕೈಚೀಲದಲ್ಲೇ ಇರಲಿ.

ದೀಪಾವಳಿಗೆ ತೀರ್ಥಹಳ್ಳಿ ಕಡೆ ಹೋಮ್‌ಸ್ಟೇ ಮಾಡಿದ್ದೇವೆ. ಅಂಟಿಗೆ ಪಂಟಿಗೆ ನೋಡುವ ಆಸೆ. ವಿಡಿಯೊ ಮಾಡಬಹುದೇ?
— ಕಾಲೇಜು ವಿದ್ಯಾರ್ಥಿಗಳ ತಂಡ, ಮೈಸೂರು

ಮೊದಲು ಕೇಳಿ. ಬಲಿಪಾಡ್ಯಮಿಯ ರಾತ್ರಿಯಿಂದ ಊರಿನ ಗಂಡಸರು ದೀಪ ಹಿಡಿದು ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಹೊತ್ತಿಸಿದ ದೀಪ ನಡುವೆ ಆರಬಾರದು. ಬಾಗಿಲ ಮುಂದೆ ನಿಂತು ಹಾಡಿದ ಮೇಲೆ ಮನೆಯವರು ಬಾಗಿಲು ತೆರೆದು, ದೀಪಕ್ಕೆ ಎಣ್ಣೆ ಎರೆದು, ಆ ದೀಪದಿಂದ ತಮ್ಮ ಮನೆಯ ದೀಪ ಹಚ್ಚಿಕೊಳ್ಳುತ್ತಾರೆ. ಅಕ್ಕಿ, ಕಜ್ಜಾಯ, ಕಾಣಿಕೆ ಕೊಟ್ಟು ಕಳಿಸುತ್ತಾರೆ. ಇಷ್ಟೂ ನಡೆಯುವುದು ಕತ್ತಲಲ್ಲಿ. ಮೊಬೈಲಿನ ಲೈಟು ಹಾಕಿದ ಕ್ಷಣ ಅದು ಹಾಳಾಗುತ್ತದೆ.

ಹಾಡುವ ತಂಡದ ಹಿರಿಯರ ಒಪ್ಪಿಗೆ ಇದ್ದರೆ ಧ್ವನಿ ಮಾತ್ರ ಮುದ್ರಿಸಿಕೊಳ್ಳಿ. 'ಇನ್ನೊಂದು ಸಲ ಹಾಡಿ' ಎಂದು ನಿಲ್ಲಿಸಬೇಡಿ, ಅವರು ಇನ್ನೂ ಎಷ್ಟೋ ಮನೆಗೆ ಹೋಗಬೇಕಿರುತ್ತದೆ. ಹಾಡುಗಾರರನ್ನು ಹೋಮ್‌ಸ್ಟೇ ಅಂಗಳಕ್ಕೇ ಕರೆಸಿ ದುಡ್ಡು ಕೊಟ್ಟು ಹಾಡಿಸುವುದನ್ನು ನಾನು ಒಪ್ಪುವುದಿಲ್ಲ. ನೀವೇ ಅವರ ಹಿಂದೆ ನಡೆಯಿರಿ. ಟಾರ್ಚನ್ನು ನೆಲಕ್ಕೆ ಹಿಡಿಯಿರಿ, ಮಳೆಯ ಪಸೆ ಇನ್ನೂ ಇರುವುದರಿಂದ ಇಂಬಳ ಹತ್ತಬಹುದು, ಜೇಬಿನಲ್ಲಿ ಉಪ್ಪಿನ ಪೊಟ್ಟಣವಿರಲಿ. ಬೆಳಗಾದ ಮೇಲೆ ನಿದ್ದೆ ಮುಗಿಸಿ ಜೋಗಕ್ಕೆ ಹೋಗಿ. ಮಳೆಗಾಲದಲ್ಲಿ ಮಂಜು ಮುಚ್ಚಿರುವ 253 ಮೀಟರ್ ಎತ್ತರದ ಜಲಪಾತ ಈ ದಿನಗಳಲ್ಲಿ ತೆರೆದುಕೊಂಡು ಕಾಣುತ್ತದೆ.

ರಜೆಯೆಲ್ಲ ಮುಗಿದುಹೋಯಿತು, ಬೆಂಗಳೂರು ಬಿಟ್ಟು ಹೋಗಲು ಆಗಲಿಲ್ಲ. ಮಕ್ಕಳಿಗೆ ಯಾವುದಾದರೂ ಹಬ್ಬ ತೋರಿಸಬೇಕು.
— ಆಟೋ ಚಾಲಕರು, ಕಾಮಾಕ್ಷಿಪಾಳ್ಯ

ಬಸವನಗುಡಿಯ ಕಡಲೆಕಾಯಿ ಪರಿಷೆ ಇದೆಯಲ್ಲ! ಕಾರ್ತಿಕ ಮಾಸದ ಕೊನೆಯ ಸೋಮವಾರ, ದೊಡ್ಡ ಬಸವಣ್ಣನ ಗುಡಿ ಸುತ್ತ. ಸುಂಕೇನಹಳ್ಳಿ ಎಂಬ ಹಳ್ಳಿಯಾಗಿದ್ದಾಗ ಇಲ್ಲಿನ ಕಡಲೆಕಾಯಿ ಬೆಳೆಯನ್ನು ಬಸವ ಮೇಯುತ್ತಿತ್ತು, ಮೊದಲ ಫಸಲು ನಿನಗೇ ಎಂದು ರೈತರು ಹರಕೆ ಹೊತ್ತರು ಎಂಬುದು ಐತಿಹ್ಯ. ಇಂದಿಗೂ ಸುತ್ತಲಿನ ಜಿಲ್ಲೆಗಳ ರೈತರು ಮೂಟೆ ಇಳಿಸಿಕೊಂಡು ರಸ್ತೆಯುದ್ದಕ್ಕೂ ರಾಶಿ ಹಾಕುತ್ತಾರೆ.

ಸೋಮವಾರ ಶಾಲೆ ಇದ್ದರೆ ಭಾನುವಾರ ಬೆಳಗ್ಗೆಯೇ ಹೋಗಿ, ಅಂಗಡಿಗಳು ಆಗಲೇ ಕೂತಿರುತ್ತವೆ. ಆಟೋವನ್ನು ದೂರದಲ್ಲಿ ನಿಲ್ಲಿಸಿ ನಡೆಯಿರಿ. ಹಸಿ, ಹುರಿದದ್ದು, ಬೇಯಿಸಿದ್ದು ಮೂರೂ ಸಿಗುತ್ತವೆ. ರಾಶಿಯಿಂದ ನಾಲ್ಕು ಕಾಯಿ ಒಡೆದು ಬೀಜ ತುಂಬಿದೆಯೇ ನೋಡಿ ಕೊಳ್ಳುವುದನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಗುಡಿಯಲ್ಲಿ ಬಸವಣ್ಣನಿಗೂ, ಪಕ್ಕದ ದೊಡ್ಡ ಗಣಪತಿಗೂ ಕೈ ಮುಗಿದು, ಬ್ಯೂಗಲ್ ರಾಕ್ ಉದ್ಯಾನದ ಬಂಡೆಯ ಮೇಲೆ ಕೂತು ಕಡಲೆಕಾಯಿ ಸುಲಿಯಿರಿ. ಮನೆಯಿಂದ ಬಟ್ಟೆ ಚೀಲ ಒಯ್ಯಿರಿ, ಸೇರಿನ ಲೆಕ್ಕದಲ್ಲಿ ಕೊಡುವವರಲ್ಲಿ ಒಂದೆರಡು ಹಿಡಿ ಕೊಸರು ಕೇಳಿ ಪಡೆಯಿರಿ.