ಬೆಕ್ಕಿನ ಬಟ್ಟಲು ಮತ್ತು ಕೊಡುವವರ ಮನಸ್ಸು



*ಇಂದಿನ ಧಮ್ಮ ಚಿಂತನೆ*



ಬನಶಂಕರಿಯಲ್ಲಿ ಬಾಡಿಗೆ ಮನೆಯಲ್ಲಿರುವ ಉಪಾಸಿಕೆಯೊಬ್ಬರು ನಮ್ಮ ಬಳಗಕ್ಕೆ ಕಳಿಸಿದ ಪ್ರಶ್ನೆ ಇದು: "ನಮ್ಮ ಮನೆ ಬೆಕ್ಕು ಮೊಸರನ್ನ ಇಟ್ಟರೆ ಮೂಸಿ ನೋಡಿ ಹೋಗಿಬಿಡುತ್ತೆ. ಹಾಲನ್ನ ಹಾಕಿದರೂ ಅಷ್ಟೇ. ಮೀನು ಅಂದರೆ ಓಡಿ ಬರುತ್ತೆ. ಮನೆ ಓನರ್ ಮೀನು, ಮಾಂಸ ಬೇಯಿಸಬೇಡಿ ಅಂದಿದ್ದಾರೆ. ನಾವು ಪಂಚಶೀಲ ತೆಗೆದುಕೊಂಡವರು. ಒಂದು ಜೀವಕ್ಕೆ ಉಣಿಸಲು ಇನ್ನೊಂದು ಜೀವ ತರಬಹುದಾ? ಹಸಿದರೆ ತಾನಾಗಿಯೇ ತಿನ್ನುತ್ತೆ ಬಿಡಿ ಅಂತಾರೆ ಅಕ್ಕಪಕ್ಕದವರು. ಏನು ಮಾಡಲಿ?"

ಪ್ರಶ್ನೆ ಸಣ್ಣದು ಅನ್ನಿಸಬಹುದು. ಆದರೆ ಇದರಲ್ಲಿ ಮೈತ್ರಿ, ಪ್ರಜ್ಞೆ, ಶೀಲ ಮೂರೂ ಇವೆ. ಒಂದೊಂದಾಗಿ ನೋಡೋಣ.

*1. ಬೆಕ್ಕಿನ ಮಾತು ನಮಗೇಕೆ?*

1931ರ ಆಗಸ್ಟ್‌ನಲ್ಲಿ ಮುಂಬೈಯ ಮಣಿ ಭವನದಲ್ಲಿ ಗಾಂಧೀಜಿಯವರನ್ನು ಭೇಟಿಯಾದಾಗ ಬಾಬಾಸಾಹೇಬರು, ನಮ್ಮ ಜನರನ್ನು ನಾಯಿ ಬೆಕ್ಕುಗಳಿಗಿಂತ ಕಡೆಯಾಗಿ ಕಾಣುವ ನಾಡನ್ನು ನಮ್ಮದೆಂದು ಹೇಗೆ ಕರೆಯಲಿ ಎಂದು ಕೇಳಿದ್ದರು. ಆ ನೋವು ನಮ್ಮಲ್ಲಿ ಇನ್ನೂ ಇದೆ. ಆದರೆ ಅವರ ದೂರು ಬೆಕ್ಕಿನ ಮೇಲೆ ಇರಲಿಲ್ಲ. ಬೆಕ್ಕನ್ನು ಒಲೆಯ ಹತ್ತಿರ ಬಿಟ್ಟುಕೊಂಡು ಮನುಷ್ಯನನ್ನು ಹೊಸ್ತಿಲಾಚೆ ನಿಲ್ಲಿಸಿದವರ ಮೇಲೆ ಇತ್ತು. 1956ರಲ್ಲಿ ನಾಗಪುರದಲ್ಲಿ ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳಿಗೂ ದಯೆ ತೋರಿ ಪಾಲಿಸುವ ಪ್ರತಿಜ್ಞೆಯೂ ಇದೆ. ಕರುಣೆ ಮನುಷ್ಯರಿಗೆ, ಮೈತ್ರಿ ಅದನ್ನೂ ದಾಟಿ ಸಕಲ ಜೀವಿಗಳಿಗೆ ಎಂದು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ವಿವರಿಸಿದ್ದಾರೆ.

*2. ಕೊಡುವವರ ಮನಸ್ಸು*

ಇಟ್ಟದ್ದನ್ನು ಬೆಕ್ಕು ತಿನ್ನದಿದ್ದರೆ ನಮ್ಮ ಬಾಯಿಗೆ ಮೊದಲು ಬರುವ ಮಾತು "ಎಷ್ಟು ಸೊಕ್ಕು ನೋಡು". ಈ ಮಾತು ನಮಗೆ ಹೊಸದಲ್ಲ. 1927ರ ಮಾರ್ಚ್‌ನಲ್ಲಿ ಮಹಾಡ್‌ ಪರಿಷತ್ತಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಇನ್ನೊಬ್ಬರು ಎಸೆದ ಎಂಜಲು ಬಿಡಿ ಎಂದು ಕರೆ ಕೊಟ್ಟರು. ಹಿತ್ತಲ ಬಾಗಿಲಲ್ಲಿ ಕೊಟ್ಟ ತಂಗಳನ್ನು ಬೇಡ ಅಂದ ನಮ್ಮ ಅಜ್ಜ ಅಜ್ಜಿಯರಿಗೂ "ಸೊಕ್ಕು ಬಂತು" ಎಂಬ ಮಾತೇ ಸಿಕ್ಕಿದ್ದು.

ಮನುಷ್ಯರ ಸ್ವಾಭಿಮಾನ ಬೇರೆ, ಬೆಕ್ಕಿನ ಹಸಿವು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಆದರೆ ಕೊಡುವವರ ದೋಷ ಎರಡು ಕಡೆಯೂ ಒಂದೇ: "ನಾನು ಕೊಟ್ಟದ್ದನ್ನು ನೀನು ತಿನ್ನಬೇಕು." ಪಡೆಯುವವರಿಗೆ ಏನು ಬೇಕು ಎಂದು ಕೇಳದೆ ಕೊಟ್ಟದ್ದು ದಾನವಲ್ಲ, ಯಜಮಾನಿಕೆ.

*3. ಆರೈಕೆ ಮಾಡುವವರ ಗುಣ*

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಭೇದಿಯಿಂದ ನರಳುತ್ತಾ ತನ್ನದೇ ಮಲದಲ್ಲಿ ಬಿದ್ದಿದ್ದ ಭಿಕ್ಖುವನ್ನು ಭಗವಾನರು ಆನಂದರ ಜೊತೆ ಸೇರಿ ತೊಳೆದು ಮಲಗಿಸುತ್ತಾರೆ. ನಂತರ ಒಳ್ಳೆಯ ಆರೈಕೆಯ ಗುಣಗಳನ್ನು ಹೇಳುತ್ತಾರೆ. ಅವುಗಳಲ್ಲಿ ಮೂರನ್ನು ಇಂದು ನೆನೆಯೋಣ. ಯಾವುದು ಹಿತ, ಯಾವುದು ಅಹಿತ ಎಂದು ತಿಳಿದಿರಬೇಕು. ಲಾಭಕ್ಕಲ್ಲ, ಮೈತ್ರಿಯಿಂದ ಮಾಡಬೇಕು. ಮಲಮೂತ್ರ, ವಾಂತಿಗೆ ಹೇಸಬಾರದು. ಮೊದಲನೆಯದನ್ನು ಗಮನಿಸಿ. ಪ್ರೀತಿ ಇದ್ದರೆ ಸಾಲದು, ತಿಳಿವಳಿಕೆ ಬೇಕು. ಪ್ರಜ್ಞೆ ಇಲ್ಲದ ಮೈತ್ರಿ ಬೆಕ್ಕಿಗೆ ಮೊಸರನ್ನವನ್ನೇ ಇಡುತ್ತದೆ.

*4. ಬೆಕ್ಕಿನ ದೇಹಕ್ಕೆ ಏನು ಬೇಕು?*

ನಾಯಿ ಅನ್ನ ತಿಂದು ಬದುಕೀತು. ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಟಾರಿನ್ ಎಂಬ ಅಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಸಿಗುವುದು ಮಾಂಸ ಮೀನಿನಲ್ಲಿ. ಟಾರಿನ್ ಕೊರತೆಯಾದರೆ ಕಣ್ಣು ಹೋಗುತ್ತದೆ. ಹೃದಯವೂ ದುರ್ಬಲವಾಗುತ್ತದೆ ಎಂದು 1987ರಲ್ಲಿ ವಿಜ್ಞಾನಿಗಳು ತೋರಿಸಿದರು. ಸಿಹಿಯ ರುಚಿ ಬೆಕ್ಕಿಗೆ ತಿಳಿಯುವುದೇ ಇಲ್ಲ. ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ.

ಬೆಕ್ಕು ಊಟವನ್ನು ಮೂಗಿನಿಂದಲೇ ಒಪ್ಪುತ್ತದೆ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಊಟಕ್ಕೆ ವಾಸನೆ ಇರುವುದಿಲ್ಲ, ಅದಕ್ಕೇ ಮುಟ್ಟುವುದಿಲ್ಲ. ಇಲಿ, ಹಕ್ಕಿ ಹಿಡಿದು ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪ ತಿನ್ನುವುದು ಅದರ ಸ್ವಭಾವ. ನಾವು ಸೊಕ್ಕು ಅನ್ನುವುದರಲ್ಲಿ ಹೆಚ್ಚಿನದು ಇದೇ. ಕೆಲವೊಮ್ಮೆ ಹಲ್ಲುನೋವು, ಜ್ವರ, ಮನೆ ಬದಲಾದ ಗಾಬರಿಯೂ ಇರಬಹುದು. ಅದು ಬಾಯಿ ಬಿಟ್ಟು ಹೇಳಲಾರದು.

"ಹಸಿದರೆ ತಿನ್ನುತ್ತೆ" ಎಂದು ಉಪವಾಸ ಕೆಡವುವುದು ಅಪಾಯ. ಕೆಲವು ದಿನ ತಿನ್ನದಿದ್ದರೆ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಕುತ್ತು ಬರುತ್ತದೆ. ಒಂದು ದಿನ ಪೂರ್ತಿ ಏನೂ ಮುಟ್ಟದಿದ್ದರೆ ಹತ್ತಿರದ ಪಶುವೈದ್ಯರಿಗೆ ತೋರಿಸಿ.

*5. ಶೀಲ ಮುರಿಯುತ್ತದೆಯೇ?*

ಎಲ್ಲ ಭಿಕ್ಖುಗಳೂ ಮೀನು ಮಾಂಸ ಬಿಡಲೇಬೇಕು ಎಂಬ ನಿಯಮ ಮಾಡಿ ಎಂದು ಕೇಳಿದವನು ದೇವದತ್ತ. ಭಗವಾನರು ಒಪ್ಪಲಿಲ್ಲ. ಬಾಬಾಸಾಹೇಬರು ಇದನ್ನು ಇನ್ನೂ ಸ್ಪಷ್ಟ ಮಾಡಿದರು. ಬುದ್ಧನ ಅಹಿಂಸೆ ಕಣ್ಣುಮುಚ್ಚಿ ಪಾಲಿಸುವ ನಿಯಮವಲ್ಲ, ಯೋಚಿಸಿ ಅನ್ವಯಿಸುವ ತತ್ವ. ಕೊಲ್ಲುವ ಇಚ್ಛೆ ಬೇರೆ, ಅಗತ್ಯ ಬೇರೆ.

ಬೆಕ್ಕಿಗೆ ಮಾಂಸ ಚಪಲವಲ್ಲ, ಅಗತ್ಯ. ಅದು ಇಲ್ಲದೆ ಅದರ ಕಣ್ಣು ಹೋಗುವುದಾದರೆ, ನಮ್ಮ ಶೀಲ ಶುದ್ಧವಾಗಿ ಕಾಣಲೆಂದು ಆ ಜೀವವನ್ನು ಸವೆಸುವುದೂ ಹಿಂಸೆಯೇ. ಹಾಗೆಂದು ಮೀನಿನ ಜೀವ ಲೆಕ್ಕಕ್ಕಿಲ್ಲ ಎಂದಲ್ಲ. ಬೇಕಾದಷ್ಟೇ ತನ್ನಿ, ಚೆಲ್ಲಬೇಡಿ.

*6. ಓನರ್ ಮಾತು*

"ವೆಜ್ ಓನ್ಲಿ" ಬೋರ್ಡು ಜಯನಗರ, ಜೆ.ಪಿ. ನಗರದಲ್ಲೂ ಹೊಸದಲ್ಲ. ಎಷ್ಟೋ ಕಡೆ ಅದು ಅಡುಗೆಯನ್ನು ಕೇಳುವ ನೆಪದಲ್ಲಿ ಜಾತಿಯನ್ನು ಕೇಳುತ್ತದೆ. ಆದರೂ ಮಕ್ಕಳ ಶಾಲೆ, ಅಡ್ವಾನ್ಸ್ ನೋಡಿ ಮನೆ ಉಳಿಸಿಕೊಳ್ಳಬೇಕಾದವರ ಕಷ್ಟ ನಮಗೆ ಗೊತ್ತು. ಬೆಕ್ಕಿಗೆಂದೇ ಮಾಡಿದ ಪ್ಯಾಕೆಟ್ ಆಹಾರಕ್ಕೆ ಒಲೆ ಹಚ್ಚಬೇಕಿಲ್ಲ, ಟಾರಿನ್ ಕೂಡ ಸೇರಿಸಿರುತ್ತಾರೆ. ಓನರ್ ಕೇಳಿದರೆ ಅದರಲ್ಲಿ ಮಾಂಸ ಇಲ್ಲ ಎಂದು ಸುಳ್ಳು ಹೇಳಬೇಡಿ, ನಾಲ್ಕನೇ ಶೀಲ ನೆನಪಿರಲಿ. "ಬೆಕ್ಕಿನ ಆಹಾರ, ಡಾಕ್ಟರ್ ಹೇಳುವುದು ಇದನ್ನೇ" ಎಂದು ನೇರವಾಗಿ ಹೇಳಿ. ತಲೆ ತಗ್ಗಿಸುವ ಕೆಲಸವೇನೂ ಅಲ್ಲ.

*ಇಂದಿನ ಅಭ್ಯಾಸ*

• ಮುಖ್ಯ ಊಟ ಬೆಕ್ಕಿನ ಪೂರ್ಣ ಆಹಾರವಾಗಿರಲಿ. ಬರೀ ಮೀನು ಅಥವಾ ಬರೀ ಲಿವರ್ ದಿನವೂ ಬೇಡ.
• ಅಡುಗೆಗೆ ಅಡ್ಡಿ ಇಲ್ಲದ ಮನೆಯವರು ಮೀನು, ಕೋಳಿ ಬೇಯಿಸಿ ಮುಳ್ಳು, ಮೂಳೆ ತೆಗೆದು ಕೊಡಿ. ಬೇಯಿಸಿದ ನೀರನ್ನೂ ಸೇರಿಸಿ. ಟಾರಿನ್ ಅದಕ್ಕೆ ಇಳಿದಿರುತ್ತದೆ.
• ಉಪ್ಪು ಖಾರ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ, ಆದ್ದರಿಂದ ಸಾರಿನಿಂದ ತೆಗೆದ ತುಂಡು ಹಾಕಬೇಡಿ.
• ಊಟ ಉಗುರುಬೆಚ್ಚಗಿರಲಿ. ಸ್ವಲ್ಪ ಸ್ವಲ್ಪ, ದಿನಕ್ಕೆ ಮೂರು ನಾಲ್ಕು ಸಲ ಕೊಡಿ. ಬಟ್ಟಲನ್ನು ಮಲದ ಟ್ರೇಯಿಂದ ದೂರ ಇಡಿ.
• ಹೊಸ ಆಹಾರವನ್ನು ಹಳೆಯದರ ಜೊತೆ ಬೆರೆಸುತ್ತಾ ಒಂದು ವಾರದಲ್ಲಿ ಬದಲಿಸಿ.

ಇಂದು ಯಾರಿಗಾದರೂ ಏನನ್ನಾದರೂ ಕೊಡುವಾಗ, ಮನೆಯ ಬೆಕ್ಕಿರಲಿ, ಅತ್ತೆ ಮಾವ ಇರಲಿ, ಮನೆಗೆಲಸಕ್ಕೆ ಬರುವ ಅಕ್ಕ ಇರಲಿ, ಕೈ ಚಾಚುವ ಮೊದಲು ಒಂದು ಕ್ಷಣ ನಿಂತು ಕೇಳಿಕೊಳ್ಳಿ: ಇದು ಅವರಿಗೆ ಬೇಕಾದದ್ದೇ, ನನಗೆ ಮಿಕ್ಕಿದ್ದೇ? ಉತ್ತರವನ್ನು ಭಾನುವಾರದ ಅಧ್ಯಯನದಲ್ಲಿ ಹಂಚಿಕೊಳ್ಳೋಣ.

ಸಾಧು, ಸಾಧು, ಸಾಧು.
ಜೈ ಭೀಮ್.