ರಾಮದೇವರ ಬೆಟ್ಟದಲ್ಲಿ ಮೊದಲು ಬಂಡೆ ನೋಡಿ

ರಾಮನಗರದ ರಾಮದೇವರ ಬೆಟ್ಟಕ್ಕೆ ರಣಹದ್ದು ನೋಡಲು ಹೊರಟವರಿಗೆ ನಾನು ಹೇಳುವ ಮೊದಲ ಮಾತು, ನಸುಕಿಗೇ ಎದ್ದು ಒದ್ದಾಡಬೇಡಿ ಎಂದು. ಹಕ್ಕಿ ನೋಡುವವರು ಕೋಳಿ ಕೂಗುವ ಮೊದಲೇ ಮನೆ ಬಿಡುವುದು ರೂಢಿ. ಆದರೆ ರಣಹದ್ದಿಗೆ ಅಂಥ ಅವಸರವಿಲ್ಲ. ಐದಾರು ಕಿಲೋ ತೂಗುವ ಮೈಯನ್ನು ಬರೀ ರೆಕ್ಕೆ ಬಡಿದು ಮೇಲೆತ್ತುವುದು ಅದಕ್ಕೆ ಭಾರಿ ಖರ್ಚಿನ ಕೆಲಸ. ಬಿಸಿಲಿಗೆ ಬಂಡೆ ಕಾದು ಬಿಸಿಗಾಳಿ ಮೇಲೇಳುವ ತನಕ ಅದು ಕೂತಲ್ಲೇ ಕೂತಿರುತ್ತದೆ. ಹಾಗಾಗಿ ಬಿಡದಿಯಲ್ಲಿ ನಿಲ್ಲಿಸಿ, ಬೆಣ್ಣೆ ಹಾಕಿದ ತಟ್ಟೆ ಇಡ್ಲಿ ತಿಂದು, ಒಂಬತ್ತರ ಹೊತ್ತಿಗೆ ಬೆಟ್ಟದ ಬುಡ ಸೇರಿದರೆ ಏನೂ ನಷ್ಟವಿಲ್ಲ.

ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದಾರಿ. ಕಾರಿನವರು ಒಂದು ಎಚ್ಚರ ಇಟ್ಟುಕೊಳ್ಳಿ: ಹೊಸ ಎಕ್ಸ್‌ಪ್ರೆಸ್‌ವೇ ರಾಮನಗರ ಊರನ್ನು ಮುಟ್ಟದೆ ಬೈಪಾಸಿನಲ್ಲಿ ಸಾಗುತ್ತದೆ. ಇಳಿಯುವ ಜಾಗ ತಪ್ಪಿದರೆ ಚನ್ನಪಟ್ಟಣ ದಾಟಿಯೇ ಹಿಂತಿರುಗಬೇಕಾದೀತು. ಹಳೇ ಮೈಸೂರು ರಸ್ತೆಯೇ ವಾಸಿ. ಬೈಕಿನವರಿಗಂತೂ ಎಕ್ಸ್‌ಪ್ರೆಸ್‌ವೇ ಮುಖ್ಯರಸ್ತೆಗೆ 2023ರ ಆಗಸ್ಟ್‌ನಿಂದ ಪ್ರವೇಶವೇ ಇಲ್ಲ. ರೈಲಿನಲ್ಲಿ ಬಂದರೆ ಇನ್ನೂ ಹಗುರ. ಸ್ಟೇಷನ್ನಿನಿಂದ ಬೆಟ್ಟ ಮೂರ್ನಾಲ್ಕು ಕಿಲೋಮೀಟರ್, ಆಟೋ ಸಿಗುತ್ತದೆ. ವಾಪಸು ಬರುವ ಮಾತನ್ನೂ ಹೋಗುವಾಗಲೇ ಆಡಿಕೊಳ್ಳಿ.

ಬುಡದಲ್ಲಿ ಅರಣ್ಯ ಇಲಾಖೆಯ ಟಿಕೆಟ್ ತೆಗೆದುಕೊಳ್ಳಬೇಕು, ಏಕೆಂದರೆ ಇದು ಬರೀ ಗುಡಿಯ ಬೆಟ್ಟವಲ್ಲ. ಸುಮಾರು 346 ಹೆಕ್ಟೇರ್ ಜಾಗವನ್ನು 2012ರಲ್ಲಿ ರಣಹದ್ದುಗಳಿಗೆಂದೇ ವನ್ಯಧಾಮ ಮಾಡಲಾಗಿದೆ. ಅಲ್ಲಿಂದ ಮೇಲೆ ರಾಮನ ಗುಡಿಯವರೆಗೆ ಕಲ್ಲಿನ ಮೆಟ್ಟಿಲು. ಸುತ್ತ ಕಾಣುವ ದಪ್ಪ ದಪ್ಪ ಬಂಡೆಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಭೂವಿಜ್ಞಾನಿಗಳು ಇದನ್ನು ಇಂದಿಗೂ ಈ ಊರಿನ ಬ್ರಿಟಿಷರ ಕಾಲದ ಹೆಸರು ಹಿಡಿದು 'ಕ್ಲೋಸ್‌ಪೇಟೆ ಗ್ರಾನೈಟ್' ಎಂದೇ ಕರೆಯುತ್ತಾರೆ. ಈ ಕಲ್ಲು ಸೀಳಿದಲ್ಲೆಲ್ಲ ನೆಟ್ಟಗಿನ ಗೋಡೆ, ಗೋಡೆಯ ನಡುವೆ ಚಾಚಿದ ಅಂಚು. ನರಿ, ಚಿರತೆ, ಮನುಷ್ಯ ಯಾರೂ ಹತ್ತಲಾಗದ ಅಂಥ ಅಂಚೇ ರಣಹದ್ದಿಗೆ ಬೇಕಾದ ಬಾಣಂತಿ ಕೋಣೆ.

ನೋಡುವ ಕ್ರಮವನ್ನು ನಾನು ಕಲಿತದ್ದು ಅವಮಾನವಾದ ಮೇಲೆ. ಮೊದಲ ಸಲ ಹೋದಾಗ ತಲೆಯ ಮೇಲೆ ಸುತ್ತುತ್ತಿದ್ದ ಹಕ್ಕಿಯನ್ನು ತೋರಿಸಿ "ಅಗೋ, ಅಗೋ" ಎಂದು ಕೂಗಿದ್ದೆ. ಪಕ್ಕದಲ್ಲಿದ್ದ ಕಾವಲುಗಾರ ಬೀಡಿ ಆರಿಸುತ್ತಾ, "ಅದು ಬರೀ ಹದ್ದು ಸಾರ್. ಬಾಲ ಹೆಂಗೆ ಕವೆ ಒಡ್ದದೆ ನೋಡಿ" ಅಂದ. ಆಮೇಲೆ, "ಆಕಾಸ ಬುಡಿ, ಬಂಡೆ ನೋಡಿ. ಸುಣ್ಣ ಬಳ್ದಂಗೈತಲ್ಲ, ಅದ್ರ ಮ್ಯಾಲಕ್ಕೆ ಹಿಡೀರಿ ದುರ್ಬೀನು."

ಹಿಡಿದೆ. ಬೂದು ಕಲ್ಲಿನ ಮೇಲೆ ಮೇಲಿಂದ ಕೆಳಕ್ಕೆ ಸುರಿದ ಬಿಳಿ ಗೆರೆಗಳು. ವರ್ಷಾನುಗಟ್ಟಲೆ ಒಂದೇ ಅಂಚಿನಲ್ಲಿ ಕೂತ ಹಕ್ಕಿಗಳ ಹಿಕ್ಕೆ. ಗೆರೆಯ ತುದಿಯಲ್ಲಿ ಒಂದು ಕಂದು ಗುಪ್ಪೆ. ಕಲ್ಲೇ ಇರಬೇಕೆಂದು ಮುಂದೆ ಸರಿಸಿದೆ, ಮತ್ತೆ ಹಿಂದೆ ತಂದೆ. ಗುಪ್ಪೆ ಕತ್ತು ಚಾಚಿತು. ಕೂದಲು ಉದುರಿದಂಥ ಕಪ್ಪು ತಲೆ, ಕತ್ತಿನ ಬುಡಕ್ಕೆ ಮಾಸಲು ಬಿಳಿಯ ಮಫ್ಲರಿನಂಥ ಗರಿ, ಉದ್ದನೆಯ ತಿಳಿಬಣ್ಣದ ಕೊಕ್ಕು. ಇದೇ ಉದ್ದಕೊಕ್ಕಿನ ರಣಹದ್ದು. ಹತ್ತು ಗಂಟೆ ಕಳೆದ ಮೇಲೆ ಅದು ಅಂಚಿನಿಂದ ಸುಮ್ಮನೆ ಮುಂದಕ್ಕೆ ಬಿತ್ತು. ರೆಕ್ಕೆ ಬಿಚ್ಚಿತು, ಎರಡು ಸುತ್ತು ಹಾಕಿತು, ಒಂದು ಸಲವೂ ಬಡಿಯದೆ ಗುಡಿಯ ಎತ್ತರ ದಾಟಿತು.

ಹಾರುವಾಗ ಗುರುತು ಹಿಡಿಯಲು ಇಷ್ಟು ಸಾಕು: ರೆಕ್ಕೆ ಬಾಗಿಲ ಹಲಗೆಯಷ್ಟು ಅಗಲ, ತುದಿಯಲ್ಲಿ ಬೆರಳು ಬಿಡಿಸಿದಂತೆ ಗರಿ, ಬಾಲ ಗಿಡ್ಡ. ಬಾಲ ಕವಲೊಡೆದು ಆಚೀಚೆ ತಿರುಚುತ್ತಿದ್ದರೆ ಊರ ಹದ್ದು. ಮೈ ಬಿಳಿ, ರೆಕ್ಕೆಯ ಹಿಂಬದಿ ಕಪ್ಪು, ಮೂತಿ ಹಳದಿ, ಬಾಲ ಬೆಣೆಯಂತಿದ್ದರೆ ಅದು ಬಿಳಿ ರಣಹದ್ದು. ಇಲ್ಲಿ ಅದೃಷ್ಟವಿದ್ದರೆ ಅದೂ ಕಾಣುತ್ತದೆ. ಬಂಡೆಯ ಮುಂದೆ ಬಾಣದಂತೆ ಸೀಳಿಹೋಗುವುದು ಶಾಹೀನ್ ಡೇಗೆ. ಕಣ್ಣು ಸೋತರೆ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರ ಹುಡುಕಿ. ದಕ್ಷಿಣದ ಕಲ್ಲುಬೆಟ್ಟಗಳಲ್ಲಲ್ಲದೆ ಬೇರೆಲ್ಲೂ ಸಿಗದ ಹಕ್ಕಿ ಅದು.

ಆಕಾಶ ತುಂಬ ರಣಹದ್ದು ಕಾಣುತ್ತದೆಂಬ ಆಸೆ ಮಾತ್ರ ಬೇಡ. ಒಂದೆರಡು ಕಂಡರೆ ಒಳ್ಳೆಯ ದಿನ. ಏನೂ ಕಾಣದೆ ಇಳಿದ ದಿನಗಳೂ ನನ್ನ ಲೆಕ್ಕದಲ್ಲಿವೆ. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸುತ್ತದೆಂದು ತಿಳಿದದ್ದು 2004ರಲ್ಲಿ. ಪಶುಗಳಿಗೆ ಅದರ ಬಳಕೆ ನಿಂತದ್ದು 2006ರಲ್ಲಿ. ಅಷ್ಟರಲ್ಲಿ ದೇಶದ ಮೂರು ಜಾತಿಯ ರಣಹದ್ದುಗಳು ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಹೋಗಿಯಾಗಿತ್ತು. ಮನುಷ್ಯರಿಗೆಂದು ಬರುವ ದೊಡ್ಡ ಬಾಟಲಿಗಳು ದನದ ಕೊಟ್ಟಿಗೆ ಸೇರುತ್ತಿದ್ದವೆಂದು 2015ರಲ್ಲಿ ಅದಕ್ಕೂ ಕಡಿವಾಣ ಬಿತ್ತು. ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಪಶುಗಳಿಗೆ ನಿಷೇಧವಾದದ್ದು 2023ರಲ್ಲಿ. ಮೆಲಾಕ್ಸಿಕಾಮ್ ಕೊಟ್ಟರೆ ದನಕ್ಕೂ ನೋವು ಇಳಿಯುತ್ತದೆ, ರಣಹದ್ದಿಗೂ ಅಪಾಯವಿಲ್ಲ.

ಕಳೆದುಹೋದದ್ದು ಬೇಗ ತುಂಬುವುದೂ ಇಲ್ಲ. ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ನವೆಂಬರಿನಿಂದ ಮಾರ್ಚ್‌ವರೆಗೆ ಅವುಗಳ ಗೂಡಿನ ಕಾಲ. ನೋಡುವವರಿಗೂ ಅದೇ ಸೊಗಸು, ತಂಪೂ ಇರುತ್ತದೆ. ಆದರೆ ಅದೇ ಕಾಲದಲ್ಲಿ ಸದ್ದು ಮಾಡಿ ಹಕ್ಕಿಯನ್ನು ಎಬ್ಬಿಸಿದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಡ್ರೋನ್ ತರಬೇಡಿ. ಗೂಡಿನ ಬಂಡೆಯತ್ತ ನಡೆದು ಹೋಗುವ ಯೋಚನೆಯೇ ಬೇಡ, ಮೆಟ್ಟಿಲಿನಿಂದ ಕಂಡಷ್ಟು ಸಾಕು. ಎಂಟು ಪಟ್ಟು ಹಿಗ್ಗಿಸುವ ಸಾಧಾರಣ ಬೈನಾಕ್ಯುಲರ್ ಕೈಯಲ್ಲಿರಲಿ. ಮೊಬೈಲ್ ಕ್ಯಾಮೆರಾದಲ್ಲಿ ಬರುವುದು ಒಂದು ಚುಕ್ಕೆ.

ನೀರು, ಟೋಪಿ ಮರೆಯಬೇಡಿ. ತಿಂಡಿಯ ಕವರ್ ಕೈಯಲ್ಲಿ ಹಿಡಿದರೆ ಕೋತಿಗಳು ಬಿಡುವುದಿಲ್ಲ. ಕರಡಿ, ಚಿರತೆ ಓಡಾಡುವ ಬೆಟ್ಟವಾದ್ದರಿಂದ ಹೊತ್ತು ಮುಳುಗುವವರೆಗೆ ಕೂರಬೇಡಿ. ವಾರದ ನಡುವಿನ ದಿನವಾದರೆ ಒಳ್ಳೆಯದು. ಶನಿವಾರ, ಭಾನುವಾರ ಗುಡಿಗೆ ಬರುವ ಭಕ್ತರ ಜೊತೆಗೆ 'ಶೋಲೆ'ಯ ಭಕ್ತರೂ ಸೇರುತ್ತಾರೆ. 1975ರ ಆ ಸಿನಿಮಾದ ರಾಮಗಢ ಇದೇ ಬಂಡೆಗಳ ನಡುವೆ ಎದ್ದಿತ್ತು. ಗಬ್ಬರ್ ಯಾವ ಬಂಡೆ ಮೇಲೆ ನಿಂತಿದ್ದ ಎಂದು ನಿಮ್ಮನ್ನೂ ಯಾರಾದರೂ ಕೇಳುತ್ತಾರೆ. ಬಿಳಿ ಗೆರೆ ಇಲ್ಲದ ಯಾವುದಾದರೂ ಬಂಡೆ ತೋರಿಸಿ ಕಳಿಸಿಬಿಡಿ.