ವಯಸ್ಸಿನ ಮಿತಿಯ ಹೊರಗೆ ಉಳಿದವರು

ವಯಸ್ಕರ ಶಿಕ್ಷಣ ಎಂದರೆ ಎಲ್ಲ ದೊಡ್ಡವರಿಗೂ ಶಿಕ್ಷಣ ಎಂದು ನಾವು ತಿಳಿಯುತ್ತೇವೆ. ಅದರ ಇತಿಹಾಸ ಓದುವಾಗ ನನಗೆ ಬೇರೆಯೇ ಒಂದು ಲೆಕ್ಕ ಕಂಡಿತು.

1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಆರಂಭವಾಯಿತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. ಎರಡರ ಗುರಿಯೂ ಮುಖ್ಯವಾಗಿ 15ರಿಂದ 35 ವರ್ಷದವರು, ಅಂದರೆ ದುಡಿಯುವ ವಯಸ್ಸಿನವರು. 1978ರಲ್ಲಿ 26 ವರ್ಷದವಳಾಗಿದ್ದ ಹೆಣ್ಣುಮಗಳಿಗೆ ಹೊಲ, ಮನೆ, ಮಕ್ಕಳ ನಡುವೆ ಆ ಅವಕಾಶ ತಪ್ಪಿತು ಎನ್ನೋಣ. 1988ಕ್ಕೆ ಆಕೆಗೆ 36, ಗುರಿಯಿಂದ ಹೊರಗೆ. ಈಗ ಆಕೆ 70 ದಾಟಿದ್ದಾಳೆ. ನಮ್ಮ ಅಜ್ಜಿ, ದಾದಿಯರ ವಯಸ್ಸು ಅದೇ ಅಲ್ಲವೇ?

2011ರ ಜನಗಣತಿಯಂತೆ ನಮ್ಮ ಕಲಬುರಗಿ ಜಿಲ್ಲೆಯ ಸಾಕ್ಷರತೆ ಶೇ. 64.85, ಮಹಿಳೆಯರದು ಶೇ. 55.09 ಮಾತ್ರ. ಯಾವುದೇ ಒಂದು ಭಾಷೆಯನ್ನು ಅರ್ಥ ತಿಳಿದು ಓದಿ ಬರೆಯಬಲ್ಲವರನ್ನು ಜನಗಣತಿ ಸಾಕ್ಷರರೆನ್ನುತ್ತದೆ. ಕುರ್‌ಆನನ್ನು ನೋಡಿ ಓದಬಲ್ಲ, ಆದರೆ ಯಾವ ಭಾಷೆಯನ್ನೂ ಬರೆಯಲು ಬಾರದ ದಾದಿ ಈ ಲೆಕ್ಕದಲ್ಲಿ ಸೇರುವುದಿಲ್ಲ. ಆದರೂ ಅಕ್ಷರ ಗುರುತಿಸಿ ಉಚ್ಚರಿಸುವುದು ಆಕೆಗೆ ಹೊಸದಲ್ಲ. ಕಲಿಸುವವರಿಗೆ ಇದು ದೊಡ್ಡ ಅನುಕೂಲ.

2009ರ ಸಾಕ್ಷರ ಭಾರತ್ ಯೋಜನೆ 15 ವರ್ಷ ಮೇಲ್ಪಟ್ಟ ಎಲ್ಲರನ್ನೂ ಒಳಗೊಂಡಿತು. 2022ರಲ್ಲಿ ಆರಂಭವಾದ ನವ ಭಾರತ ಸಾಕ್ಷರತಾ ಕಾರ್ಯಕ್ರಮ, ಅಂದರೆ 'ಉಲ್ಲಾಸ್', ಕೂಡ ಹಾಗೆಯೇ. ಇದು ಸ್ವಯಂಸೇವಕರಿಂದ ನಡೆಯುತ್ತದೆ, ವಿದ್ಯಾರ್ಥಿಗಳೂ ಕಲಿಸಬಹುದು. ಓದು, ಬರಹ, ಲೆಕ್ಕದ ಜೊತೆಗೆ ಹಣಕಾಸು ಮತ್ತು ಡಿಜಿಟಲ್ ತಿಳಿವಳಿಕೆಯೂ ಇದರಲ್ಲಿದೆ.

ಹಿರಿಯರಿಗೆ ಅ, ಆ, ಇ, ಈ ಎಂದೇ ಆರಂಭಿಸಬೇಕಿಲ್ಲ. ನಲಿ-ಕಲಿ ತರಗತಿಯ 'ರ, ಗ, ಸ, ದ, ಅ' ನೆನಪಿಸಿಕೊಳ್ಳಿ. ಈ ಐದೇ ಅಕ್ಷರಗಳಿಂದ ಸರ, ದರ, ಅರಸ, ಗರಗಸ ಎಂದು ಓದಬಹುದು. ಮೊದಲ ದಿನವೇ ಇಡೀ ಪದ ಓದಿದವರಿಗೆ ಧೈರ್ಯ ಬರುತ್ತದೆ. ಅಂಕಿಗಳನ್ನು ಮನೆಯವರ ಫೋನ್ ನಂಬರಿನಿಂದ ಕಲಿಸಬಹುದು. ಮುಂದೆ ಬಸ್ಸಿನ ಬೋರ್ಡು, ಔಷಧದ ಚೀಟಿ, ಬ್ಯಾಂಕ್ ಪಾಸ್‌ಬುಕ್.

ಸಹಿ ಕಲಿಸಿ ನಿಲ್ಲಿಸಬಾರದು. ಪಿಂಚಣಿ ಎಷ್ಟು ಜಮೆಯಾಯಿತು, ಎಷ್ಟು ತೆಗೆದರು ಎಂಬುದನ್ನು ಓದಲು ಬಾರದಿದ್ದರೆ ಸಹಿ ಮಾಡಿದರೂ ಇನ್ನೊಬ್ಬರ ಮಾತನ್ನೇ ನಂಬಬೇಕು. ಒಟಿಪಿ ಯಾರಿಗೂ ಹೇಳಬಾರದು ಎಂಬುದೂ ಇಂದಿನ ಅಕ್ಷರಾಭ್ಯಾಸದ ಭಾಗವೇ.

ಮುಂದಿನ ರಜೆಯಲ್ಲಿ ಪ್ರತಿಯೊಬ್ಬರೂ ಮನೆಯ ಒಬ್ಬ ಹಿರಿಯರಿಗೆ ದಿನಕ್ಕೆ ಅರ್ಧ ಗಂಟೆ ಕೊಡೋಣ. ಏನು ಓದಲು ಆಸೆಯಿದೆ ಎಂದು ಮೊದಲು ಅವರನ್ನೇ ಕೇಳೋಣ. ಪಾಠ ಅಲ್ಲಿಂದಲೇ ಶುರುವಾಗಲಿ.